ಸ್ವೀಕೃತಿ ಎಲ್ಲಿ? ಶಾಲೆ, ಕಾಲೇಜಿನಲ್ಲಿ ಅನ್ಯಾಯವಾದಾಗ ದೂರು ಕೊಡುವುದು ಹೀಗೆ

ಮಗಳು ಆರನೇ ಕ್ಲಾಸಿನಲ್ಲಿದ್ದಳು. ಎರಡನೇ ಕಂತಿನ ಫೀಸು ತಡವಾಯಿತೆಂದು ಅವಳನ್ನೂ ಇನ್ನೂ ನಾಲ್ಕು ಮಕ್ಕಳನ್ನೂ ಟೆಸ್ಟ್ ಬರೆಯಲು ಬಿಡದೆ ಲೈಬ್ರರಿಯಲ್ಲಿ ಕೂರಿಸಿದ್ದರು. ನಾನು ಮೂರು ಸಲ ಶಾಲೆಗೆ ಹೋಗಿ ಮಾತಾಡಿ ಬಂದೆ. ಮೂರು ಸಲವೂ ‘ನೋಡೋಣ’ ಎಂಬ ಉತ್ತರ. ಕೊನೆಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋದಾಗ ಅಲ್ಲಿನವರು ಕೇಳಿದ ಮೊದಲ ಪ್ರಶ್ನೆ: ‘ಶಾಲೆಗೆ ಬರೆದುಕೊಟ್ಟಿದ್ದಕ್ಕೆ ಸ್ವೀಕೃತಿ ಎಲ್ಲಿ?’ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ವಾಪಸ್ ಬಂದು ಒಂದು ಪುಟ ಬರೆದು ಕೊಟ್ಟೆ. ಅದೇ ವಾರ ಐದೂ ಮಕ್ಕಳಿಗೆ ಟೆಸ್ಟ್ ನಡೆಯಿತು.

ಮೊದಲು ಬರೆಯಿರಿ

‘ನನ್ನ ಮಗುವಿಗೆ ಅವಮಾನ ಮಾಡಿದ್ದಾರೆ’ ಎಂದಷ್ಟೇ ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಯಾವ ದಿನ, ಯಾವ ಪಿರಿಯಡ್, ಯಾರು, ಯಾವ ಮಾತು ಆಡಿದರು, ಎಷ್ಟು ಹೊತ್ತು ಹೊರಗೆ ನಿಲ್ಲಿಸಿದರು, ಅಲ್ಲಿ ಇನ್ನಾರಿದ್ದರು? ಮಗು ಹೇಳಿದ ಮಾತನ್ನು ಅದರದೇ ಪದಗಳಲ್ಲಿ ಬರೆಯಿರಿ, ತಿದ್ದಬೇಡಿ. ಡೈರಿಯಲ್ಲಿ ಬರೆದು ಕಳಿಸಿದ್ದು, ವಾಟ್ಸ್‌ಆ್ಯಪ್ ಸಂದೇಶ, ಫೀಸಿನ ರಸೀದಿ ಎಲ್ಲದರ ಪ್ರತಿ ಲಗತ್ತಿಸಿ. ಕೊನೆಯಲ್ಲಿ ನಿಮಗೇನಾಗಬೇಕು ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಿ: ಟಿಸಿ ಕೊಡಿ, ಪರೀಕ್ಷೆಗೆ ಕೂರಿಸಿ, ವಿಚಾರಣೆ ಮಾಡಿ.

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕ, ಸಹಿ, ಸೀಲು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅಂದೇ ಅಂಚೆ ಕಚೇರಿಗೆ ಹೋಗಿ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಗುವಿನ ಹೆಸರು, ಫೋಟೊ ಹಾಕಲೇಬೇಡಿ. ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಂತೂ ಮಗುವಿನ ಗುರುತು ಬಯಲು ಮಾಡುವುದೇ ಅಪರಾಧ.

ಶಾಲೆಯಾದರೆ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಹಿಡಿದವರ ಮೇಲೆ ದೂರು ಕೊಡುವ ಪೋಷಕರೂ ಫೀಸಿಗಾಗಿ ಮಗುವನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದ್ದನ್ನು ನುಂಗಿಕೊಳ್ಳುತ್ತಾರೆ. ನುಂಗಿಕೊಳ್ಳಬೇಡಿ. 13ನೇ ಸೆಕ್ಷನ್ ಡೊನೇಷನ್‌ಗೂ ಪ್ರವೇಶಕ್ಕೆ ಮುನ್ನ ಮಗುವಿಗೋ ಪೋಷಕರಿಗೋ ಸಂದರ್ಶನ ನಡೆಸುವುದಕ್ಕೂ ಅಡ್ಡಿ ಹಾಕುತ್ತದೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಮಗುವಿಗೆ ಮುಖ್ಯಶಿಕ್ಷಕರು ಕೂಡಲೇ ಟಿಸಿ ಕೊಡಬೇಕು. ಟಿಸಿ ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.

ಶಾಲೆ ಸ್ಪಂದಿಸದಿದ್ದರೆ ನಿಮ್ಮ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲೂ ಆಗದಿದ್ದರೆ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರಿಗೆ (ಡಿಡಿಪಿಐ) ಬರೆಯಿರಿ. ಶಾಲೆಯ ಸ್ವೀಕೃತಿಯ ಪ್ರತಿ ಜೊತೆಗಿರಲಿ. ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೃಪ್ತಿಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಇಲ್ಲೊಂದು ಎಚ್ಚರ: 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ 18 ವರ್ಷದೊಳಗಿನ ಯಾವ ಮಗುವಿನ ದೂರನ್ನಾದರೂ ಆಯೋಗ ವಿಚಾರಿಸಬಹುದು. ತುರ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಲೈಂಗಿಕ ದೌರ್ಜನ್ಯವಾದರೆ ಈ ಮೆಟ್ಟಿಲುಗಳನ್ನೆಲ್ಲ ಬಿಟ್ಟು ನೇರವಾಗಿ ಪೊಲೀಸ್ ಠಾಣೆಗೆ ಹೋಗಿ. ಪೋಕ್ಸೊ ಕಾಯ್ದೆಯಡಿ ವಿಷಯ ತಿಳಿದ ಶಿಕ್ಷಕರೂ ಪೊಲೀಸರಿಗೆ ತಿಳಿಸಲೇಬೇಕು. ‘ಒಳಗೇ ಬಗೆಹರಿಸೋಣ’ ಎಂದು ಮುಚ್ಚಿಟ್ಟರೆ ಅವರಿಗೂ ಶಿಕ್ಷೆಯಿದೆ.

ಕಾಲೇಜಾದರೆ

ಪಿಯು ಕಾಲೇಜಿನ ದೂರು ಜಿಲ್ಲೆಯ ಪದವಿಪೂರ್ವ ಶಿಕ್ಷಣ ಉಪನಿರ್ದೇಶಕರಿಗೆ (ಡಿಡಿಪಿಯು). ಡಿಗ್ರಿ ಮತ್ತು ಮೇಲಿನದಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮಾವಳಿ ದಾರಿ ಮಾಡಿದೆ. ಪ್ರತಿ ಸಂಸ್ಥೆಯಲ್ಲಿ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಅಹವಾಲು ಕೇಳುವ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು.

ಬೆಂಗಳೂರಿನಲ್ಲಿ ಹೆಚ್ಚು ಕೇಳಿಬರುವ ಗೋಳು ಮೂಲ ಅಂಕಪಟ್ಟಿಯದ್ದು. ನಡುವೆ ಕೋರ್ಸ್ ಬಿಟ್ಟರೆ ‘ಉಳಿದ ವರ್ಷಗಳ ಫೀಸು ಕಟ್ಟಿ, ಮಾರ್ಕ್ಸ್ ಕಾರ್ಡ್ ಒಯ್ಯಿ’ ಎನ್ನುತ್ತಾರೆ. ಹೀಗೆ ಫೀಸಿಗಾಗಿ ದಾಖಲೆ ಹಿಡಿದಿಟ್ಟುಕೊಳ್ಳುವುದನ್ನು ಈ ನಿಯಮಾವಳಿ ಹೆಸರಿಸಿಯೇ ಕುಂದುಕೊರತೆಯ ಪಟ್ಟಿಯಲ್ಲಿ ಸೇರಿಸಿದೆ. ಪ್ರವೇಶದ ಹೊತ್ತಿನಲ್ಲಿ ಮೂಲ ದಾಖಲೆ ತೋರಿಸಿ, ಪರಿಶೀಲನೆಯಾದ ಮೇಲೆ ಕೈಯಲ್ಲೇ ವಾಪಸ್ ಪಡೆಯಿರಿ.

ರ‍್ಯಾಗಿಂಗ್ ಆದರೆ 1800-180-5522. ಲೈಂಗಿಕ ಕಿರುಕುಳದ ದೂರನ್ನು ಕಾಲೇಜಿನ ಆಂತರಿಕ ಸಮಿತಿಗೆ ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ಈ ಗಡುವು ಗೊತ್ತಿಲ್ಲದೆ ಎಷ್ಟೋ ಹುಡುಗಿಯರು ಸೆಮಿಸ್ಟರ್ ಮುಗಿಯಲೆಂದು ಕಾಯುತ್ತಾರೆ.

ಜಾತಿಯ ಹೆಸರಿನಲ್ಲಿ

ಅಸ್ಪೃಶ್ಯತೆಯ ಕಾರಣಕ್ಕೆ ಶಾಲೆಗೋ ಹಾಸ್ಟೆಲಿಗೋ ಸೇರಿಸಿಕೊಳ್ಳದಿರುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಯನ್ನು ಎಲ್ಲರೆದುರು ಜಾತಿ ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಕಾಲೇಜಿನ ಸಮಿತಿಯ ವರದಿ ಬರಲೆಂದು ಕಾಯಬೇಕಿಲ್ಲ. ಠಾಣೆಯಲ್ಲಿ ದೂರು ಕೊಟ್ಟು ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಿರಿ. ಪೊಲೀಸ್ ಇಲಾಖೆಯ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇರುವುದೇ ಇಂಥ ಪ್ರಕರಣಗಳಿಗಾಗಿ. ಹೊಸ ಊರಿಗೆ ಬಂದು ಒಬ್ಬನೇ ಪಿಜಿಯಲ್ಲಿರುವ ಹುಡುಗನಿಗೆ ಈ ಹೆಜ್ಜೆ ಬಹಳ ಭಾರ. ಠಾಣೆಗೆ ಜೊತೆಯಲ್ಲಿ ಹೋಗುವ ಒಬ್ಬ ಗೆಳೆಯನೋ ಮೇಷ್ಟರೋ ಬೇಕು, ದಯವಿಟ್ಟು ಹೋಗಿ.

ಉತ್ತರವೇ ಬರದಿದ್ದರೆ

ಖಾಸಗಿ ಶಾಲೆ ಆರ್‌ಟಿಐ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದರೆ ಬಿಇಒ ಕಚೇರಿಗೆ ಹಾಕಿ: ‘ಇಂಥ ದಿನ ಕೊಟ್ಟ ನನ್ನ ದೂರಿನ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ.’ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಸಾಧ್ಯವಿಲ್ಲ’ ಎಂಬ ಉತ್ತರವಾದರೂ ಬಾಯಿಮಾತಿನಲ್ಲಿ ಬೇಡ, ಹಿಂಬರಹದ ರೂಪದಲ್ಲಿ ಕೇಳಿ. ಮುಂದಿನ ಮೇಲ್ಮನವಿಗೆ ಅದೇ ಆಧಾರ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ನಿಲ್ಲಬೇಡಿ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ 15100. ಹೋಗುವಾಗ ಸೀಲು ಬಿದ್ದ ಪ್ರತಿಗಳನ್ನು ದಿನಾಂಕದ ಸಾಲಿನಲ್ಲಿ ಜೋಡಿಸಿ ಒಯ್ಯಿರಿ.