ಮೆಟ್ಟಿಲ ಲೈಟಿಗೆ ಎರಡು ಕಡೆಯಿಂದ ಸ್ಮಾರ್ಟ್ ಸ್ವಿಚ್: ರಿಲೇ ಮಾತ್ರ ಒಂದೇ ಇರ್ಲಿ

ಡ್ಯೂಪ್ಲೆಕ್ಸ್ ಮನೆ ಇರೋರು ಸ್ಮಾರ್ಟ್ ಸ್ವಿಚ್ ಹಾಕ್ಸೋಕೆ ಹೊರಟಾಗ ಎಲ್ಲರೂ ಸಿಕ್ಕಾಕೊಳ್ಳೋದು ಮೆಟ್ಟಿಲ ಲೈಟಲ್ಲೇ. ಹಾಲು ರೂಮು ಎಲ್ಲಾ ಕಡೆ ಒಂದು ಸ್ವಿಚ್ಚಿಗೆ ಒಂದು ಲೈಟು, ಅದ್ರಲ್ಲಿ ಗೊಂದಲ ಇಲ್ಲ, ಆದ್ರೆ ಮೆಟ್ಟಿಲಿಗೆ ಕೆಳಗೊಂದು ಮೇಲೊಂದು ಟೂ ವೇ ಸ್ವಿಚ್ ಇರುತ್ತೆ, ಎರಡೂ ಸೇರಿ ಒಂದೇ ಬಲ್ಬ್ ಉರಿಸ್ಬೇಕು. ಎರಡೂ ಕಡೆ ಒಂದೊಂದು ಸ್ಮಾರ್ಟ್ ಸ್ವಿಚ್ ತಂದು ಹಳೇ ವೈರಿಗೇ ಒಂದರ ಹಿಂದೆ ಒಂದು ಜೋಡಿಸಿದ್ರೆ ಕೆಳಗಿನದು ಆಫ್ ಆದ ತಕ್ಷಣ ಮೇಲಿನದಕ್ಕೆ ಕರೆಂಟೇ ಇರಲ್ಲ, ಆಪಲ್ಲಿ ಅದು ಆಫ್‌ಲೈನ್ ಅಂತ ತೋರಿಸುತ್ತೆ, ಮೇಲೆ ನಿಂತೋರು ಎಷ್ಟು ಒತ್ತಿದ್ರೂ ಲೈಟ್ ಬರಲ್ಲ. ಅದಕ್ಕೇ ಒಂದು ವಿಷಯ ಗಟ್ಟಿಯಾಗಿ ಹಿಡ್ಕೊಳಿ: ಒಂದು ಲೈಟಿಗೆ ಕರೆಂಟ್ ಕೊಡೋ ರಿಲೇ (ಸ್ಮಾರ್ಟ್ ಸ್ವಿಚ್ಚಿನೊಳಗೆ ಕರೆಂಟನ್ನ ಹಾಕಿ ತೆಗೆಯೋ ಭಾಗ) ಒಂದೇ ಇರ್ಬೇಕು, ಸ್ವಿಚ್ ಎರಡಿರ್ಲಿ ನಾಲ್ಕಿರ್ಲಿ ಅವೆಲ್ಲಾ ಆ ರಿಲೇಗೆ ಹೇಳೋ ಕೆಲಸ ಮಾತ್ರ ಮಾಡ್ಬೇಕು.

ಈಗಾಗ್ಲೇ ಟೂ ವೇ ವೈರಿಂಗ್ ಇರೋ ಮನೇಲಿ ನಾನು ಹೇಳೋದು, ಗೋಡೆ ಮೇಲಿನ ಎರಡು ಸ್ವಿಚ್ಚನ್ನೂ ತೆಗೀಬೇಡಿ. ಬೋರ್ಡ್ ಹಿಂದೆ ಕೂರೋ ಸಣ್ಣ ರಿಲೇ ಮಾಡ್ಯೂಲ್ ಒಂದು ಸಾಕು, ಶೆಲ್ಲಿ 1 ತರದ್ದು. ಮನೇಲಿ ಅಜ್ಜಿ ತಾತ ಇರ್ತಾರೆ, ಕೆಲಸದವರು ಬರ್ತಾರೆ, ಅವರಿಗೆಲ್ಲ ಆಪ್ ಹಾಕಿ ಕೊಡೋಕಾಗಲ್ಲ, ಇಷ್ಟು ವರ್ಷ ಕೈ ಹೋಗ್ತಿದ್ದ ಜಾಗದಲ್ಲೇ ಅದೇ ಸ್ವಿಚ್ ಇದ್ದು ನೆಟ್ ಇಲ್ದಿದ್ರೂ ಲೈಟ್ ಹತ್ತಬೇಕು. ಕತ್ತಲಲ್ಲಿ ಮೆಟ್ಟಿಲು ಇಳಿಯೋ ವಿಷಯ ಇದು.

ಕೆಲಸ ಶುರು ಮಾಡೋ ಮುಂಚೆ ಮೇನ್ ಆಫ್ ಮಾಡಿ, ಆಮೇಲೆ ಯುಪಿಎಸ್ಸೂ ಆಫ್ ಮಾಡಿ. ಇದನ್ನ ಬಹಳ ಜನ ಮರೀತಾರೆ. ನಮ್ಮ ಕಡೆ ಮೆಟ್ಟಿಲ ಲೈಟನ್ನ ಸಾಮಾನ್ಯವಾಗಿ ಯುಪಿಎಸ್ ಲೈನಿಗೇ ಕೊಟ್ಟಿರ್ತಾರೆ, ಮೇನ್ ಆಫ್ ಮಾಡಿದ್ರೆ ಯುಪಿಎಸ್ ಕರೆಂಟ್ ಹೋಯ್ತು ಅಂದ್ಕೊಂಡು ಆ ವೈರಿಗೆ ಬ್ಯಾಟರಿಯಿಂದ 230 ವೋಲ್ಟ್ ಕಳಿಸ್ತಾನೇ ಇರುತ್ತೆ. ಆಫ್ ಮಾಡೋ ಮುಂಚೇನೇ ಟೆಸ್ಟರನ್ನ ಕರೆಂಟ್ ಇರೋ ಪ್ಲಗ್ಗಲ್ಲಿ ಇಟ್ಟು ಅದು ಉರಿಯುತ್ತೆ ಅಂತ ನೋಡ್ಕೊಂಡಿರಿ, ಎರಡೂ ಆಫ್ ಮಾಡಿದ್ಮೇಲೆ ಈ ಬೋರ್ಡಲ್ಲಿ ಒಂದೊಂದು ಸ್ಕ್ರೂಗೂ ಇಟ್ಟು ನೋಡಿ. ವೈರಿಂಗ್ ಅಭ್ಯಾಸ ಇಲ್ದೋರು ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನ ಕರೆಸಿ, ಕೆಳಗೆ ಬರೆದಿರೋದನ್ನ ಅವರಿಗೆ ತೋರಿಸಿ.

ಈಗ ಬೋರ್ಡ್ ಬಿಚ್ಚಿ. ಟೂ ವೇ ಸ್ವಿಚ್ಚಿನ ಹಿಂದೆ ಮೂರು ಸ್ಕ್ರೂ ಇರುತ್ತೆ, ಅದ್ರಲ್ಲಿ ಒಂದು ಕಾಮನ್, ಉಳಿದೆರಡರಿಂದ ಹೊರಟ ವೈರು ಇನ್ನೊಂದು ಸ್ವಿಚ್ಚಿಗೆ ಹೋಗುತ್ತೆ. ಸರಿಯಾದ ವೈರಿಂಗ್ ಆಗಿದ್ರೆ ಒಂದು ಬೋರ್ಡಲ್ಲಿ ಕಾಮನ್‌ಗೆ ಫೇಸ್ ಬಂದಿರುತ್ತೆ, ಇನ್ನೊಂದು ಬೋರ್ಡಲ್ಲಿ ಕಾಮನ್‌ನಿಂದ ವೈರು ಬಲ್ಬಿಗೆ ಹೋಗಿರುತ್ತೆ. ಮಾಡ್ಯೂಲ್ ಕೂರಬೇಕಾದ್ದು ಈ ಎರಡನೇ ಬೋರ್ಡಲ್ಲಿ. ಯಾವ ವೈರು ಎಲ್ಲಿತ್ತು ಅಂತ ಫೋಟೋ ತಗೊಳಿ, ಕಾಮನ್ ವೈರಿಗೆ ಟೇಪ್ ಸುತ್ತಿ ಗುರುತು ಮಾಡಿ, ಆಮೇಲಷ್ಟೇ ಸ್ಕ್ರೂ ಸಡಿಲಿಸಿ.

ಇಲ್ಲೊಂದು ನಿಂತು ನೋಡ್ಬೇಕಾದ್ದಿದೆ. ಕೆಲವು ಹಳೇ ಮನೇಲಿ ವೈರ್ ಉಳಿಸೋಕೆ ಅಂತ ಎರಡೂ ಟೂ ವೇ ಸ್ವಿಚ್ಚಿನ ಒಂದು ತುದಿಗೆ ಫೇಸ್, ಇನ್ನೊಂದು ತುದಿಗೆ ನ್ಯೂಟ್ರಲ್ ಕೊಟ್ಟು, ಎರಡು ಬೋರ್ಡಿನ ಕಾಮನ್ನನ್ನೂ ಬಲ್ಬಿನ ಎರಡು ಕಡೆಗೆ ಹಾಕಿರ್ತಾರೆ. ಆ ತರ ಇದ್ರೆ ಲೈಟ್ ಆಫ್ ಇದ್ದಾಗ್ಲೂ ಹೋಲ್ಡರಿನ ಎರಡೂ ಪಿನ್ನಲ್ಲಿ ಫೇಸ್ ಇರಬಹುದು, ಬಲ್ಬ್ ಬದಲಾಯಿಸೋಕೆ ಹೋದೋರಿಗೆ ಶಾಕ್ ಹೊಡೆಯುತ್ತೆ. ಅಂಥ ಕಡೆ ಮಾಡ್ಯೂಲ್ ಮಾತು ಆಮೇಲೆ, ಮೊದಲು ವೈರಿಂಗ್ ಸರಿ ಮಾಡ್ಸಿ.

ಮಾಡ್ಯೂಲಿಗೆ ಎರಡನೇ ಬೋರ್ಡಲ್ಲಿ ಯಾವಾಗ್ಲೂ ಇರೋ ಫೇಸ್ ಒಂದು, ನ್ಯೂಟ್ರಲ್ ಒಂದು ಬೇಕು. ಬೋರ್ಡಲ್ಲಿ ಬೇರೆ ಸ್ವಿಚ್ ಇದ್ರೆ ಫೇಸ್ ಅಲ್ಲೇ ಸಿಗುತ್ತೆ. ನ್ಯೂಟ್ರಲ್ಲೇ ಕಷ್ಟ, ಯಾಕಂದ್ರೆ ಬರೀ ಸ್ವಿಚ್ಚಿಗೆ ನ್ಯೂಟ್ರಲ್ ಬೇಡ ಅಂತ ಅದನ್ನ ನೇರ ಬಲ್ಬಿಗೆ ತಗೊಂಡು ಹೋಗಿರ್ತಾರೆ. ಆ ಬೋರ್ಡಲ್ಲಿ ಪ್ಲಗ್ ಪಾಯಿಂಟ್ ಇದ್ರೆ ನ್ಯೂಟ್ರಲ್ ಇದ್ದೇ ಇರುತ್ತೆ. ಆದ್ರೆ ಹುಷಾರು, ಲೈಟು ಯುಪಿಎಸ್ ಲೈನಲ್ಲಿದ್ದು ಪ್ಲಗ್ಗು ನೇರ ಲೈನಲ್ಲಿದ್ರೆ ಒಂದರ ಫೇಸು ಇನ್ನೊಂದರ ನ್ಯೂಟ್ರಲ್ಲು ಸೇರಿಸೋಕೆ ಹೋಗ್ಬೇಡಿ, ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಟ್ ಮಾಡೋ ಸ್ವಿಚ್) ಇರೋ ಮನೇಲಿ ಹೋದ ಕರೆಂಟು ಅದೇ ದಾರೀಲಿ ವಾಪಸ್ ಬರ್ಲಿಲ್ಲ ಅಂತ ಅದು ಟ್ರಿಪ್ ಆಗುತ್ತೆ. ಲೈಟಿಗೆ ಹೋಗಿರೋ ಸರ್ಕ್ಯೂಟಿನದ್ದೇ ಫೇಸು, ಅದರದ್ದೇ ನ್ಯೂಟ್ರಲ್ ಇರ್ಬೇಕು. ಇಲ್ಲ ಅಂದ್ರೆ ಪೈಪಲ್ಲಿ ಹೊಸ ವೈರು ಎಳೆಸಿ. ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ಚೂ ಸಿಗುತ್ತೆ, ಅದು ಬಲ್ಬಿನ ಮೂಲಕವೇ ಸ್ವಲ್ಪ ಕರೆಂಟ್ ಹರಿಸಿ ತಾನು ಬದುಕುತ್ತೆ, ಸಣ್ಣ ಎಲ್‌ಇಡಿ ಆದ್ರೆ ಆಫ್ ಮಾಡಿದ್ರೂ ಮಿಣುಕು ಮಿಣುಕು ಅನ್ನುತ್ತೆ, ಅದಕ್ಕೆ ಬಲ್ಬಿನ ಹತ್ರ ಕೆಪಾಸಿಟರ್ ಹಾಕ್ಬೇಕಾಗುತ್ತೆ. ನಾನಾದ್ರೆ ವೈರು ಎಳೆಸೋದೇ ಮೇಲು ಅಂತೀನಿ.

ಜೋಡಿಸೋದು ಈಗ ಸುಲಭ. ಶೆಲ್ಲಿ 1ರ ಮೇಲೆ ಬರೆದಿರೋ ಅಕ್ಷರ ನೋಡ್ಕೊಂಡು ಎಲ್‌ಗೆ (L) ಫೇಸ್, ಎನ್‌ಗೆ (N) ನ್ಯೂಟ್ರಲ್, ಎಲ್‌ನಿಂದ ಐಗೆ (I) ಒಂದು ತುಂಡು ವೈರು, ಓನಿಂದ (O) ಬಲ್ಬಿಗೆ ಹೋಗೋ ವೈರು. ಕಾಮನ್‌ನಿಂದ ಬಲ್ಬಿಗೆ ಹೋಗ್ತಿದ್ದ ವೈರನ್ನ ಬಿಡಿಸಿದ್ದೀವಲ್ಲ, ಆ ಕಾಮನ್‌ನಿಂದ ಈಗ ಎಸ್‌ಡಬ್ಲ್ಯೂಗೆ (SW) ವೈರು ಕೊಡಿ. ಎರಡು ಸ್ವಿಚ್ ಮಧ್ಯದ ಎರಡು ವೈರು ಇದ್ದ ಹಾಗೇ ಇರ್ಲಿ. ಈ ಹಳೇ ಟೂ ವೇ ಜೋಡಿ ಎಸ್‌ಡಬ್ಲ್ಯೂಗೆ ಕೊಡೋ ಫೇಸೂ ಅದೇ ಸರ್ಕ್ಯೂಟಿನದ್ದಾಗಿರ್ಬೇಕು. ಇನ್ಮೇಲೆ ಕೆಳಗಿನದನ್ನ ಒತ್ತಿದ್ರೂ ಮೇಲಿನದನ್ನ ಒತ್ತಿದ್ರೂ ಎಸ್‌ಡಬ್ಲ್ಯೂಗೆ ಫೇಸ್ ಬರುತ್ತೆ ಇಲ್ಲ ಹೋಗುತ್ತೆ, ಆ ಬದಲಾವಣೆ ನೋಡಿ ಮಾಡ್ಯೂಲ್ ಲೈಟ್ ಹಾಕೋದು ತೆಗೆಯೋದು ಮಾಡುತ್ತೆ.

ಇದೇ ತರದ ಇನ್ನೊಂದು ಮಾಡ್ಯೂಲ್ ಸೋನಾಫ್ ಮಿನಿ ಆರ್2 ಇಟ್ಕೊಂಡಿರೋರು ಇದನ್ನೇ ನೋಡಿ ಅದಕ್ಕೂ ಹಾಗೇ ಮಾಡ್ಬೇಡಿ. ಅದರಲ್ಲಿ ಸ್ವಿಚ್ ಸೇರಿಸೋ ಎಸ್1 ಎಸ್2ಗೆ 230 ವೋಲ್ಟ್ ಕೊಡಲೇಬಾರದು, ಕೊಟ್ರೆ ಸುಟ್ಟು ಹೋಗುತ್ತೆ. ಅದಕ್ಕೆ ಎರಡು ಸ್ವಿಚ್ಚಿನ ವೈರುಗಳನ್ನ ಫೇಸಿಂದ ಪೂರ್ತಿ ಬಿಡಿಸಿ ಒಂದು ಕಾಮನ್ ಎಸ್1ಗೆ, ಇನ್ನೊಂದು ಎಸ್2ಗೆ ತರಬೇಕು, ಅಂದ್ರೆ ದೂರದ ಬೋರ್ಡಿಂದ ಇನ್ನೊಂದು ವೈರು ವಾಪಸ್ ಬರ್ಬೇಕು. ಪೈಪಲ್ಲಿ ಆ ವೈರಿಲ್ಲ ಅಂದ್ರೆ ಟೂ ವೇ ಜಾಗಕ್ಕೆ ಅದು ಹೊಂದಲ್ಲ.

ಸೆಟ್ಟಿಂಗಲ್ಲಿ ಒಂದನ್ನ ಬದಲಾಯಿಸದೇ ಇದ್ರೆ ಎಲ್ಲಾ ಅಡ್ಡಾದಿಡ್ಡಿ ಅನ್ಸುತ್ತೆ. ಮಾಡ್ಯೂಲು ಸ್ವಿಚ್ಚಿನ ಸ್ಥಿತಿಯನ್ನೇ ಹಿಂಬಾಲಿಸೋ ಮೋಡಲ್ಲಿದ್ರೆ, ಆಪಿಂದ ಲೈಟ್ ಆಫ್ ಮಾಡಿದ್ಮೇಲೆ ಗೋಡೆಯ ಸ್ವಿಚ್ಚನ್ನ ಎರಡು ಸಲ ಒತ್ತಬೇಕಾಗುತ್ತೆ. ಶೆಲ್ಲಿಯಲ್ಲಿ ಸ್ವಿಚ್ ಟೈಪನ್ನ ಎಡ್ಜ್ ಅಂತ ಇಡಿ, ಮಾಡ್ಯೂಲಿಗೆ ಟ್ಯಾಸ್ಮೋಟಾ ಅನ್ನೋ ಬೇರೆ ಸಾಫ್ಟ್‌ವೇರ್ ಹಾಕಿರೋರು ಸ್ವಿಚ್‌ಮೋಡ್ 0 ಇದೆಯಾ ನೋಡಿ. ಆಗ ಯಾವ ಸ್ವಿಚ್ ಯಾವ ಕಡೆಗೆ ಒತ್ತಿದ್ರೂ ಪ್ರತಿ ಸಲ ಲೈಟಿನ ಸ್ಥಿತಿ ಬದಲಾಗುತ್ತೆ.

ಹೊಸ ಮನೆ ಕಟ್ಟಿ ಟಚ್ ಪ್ಯಾನಲ್ಲೇ ಬೇಕು ಅನ್ನೋರಿಗೆ ಬೇರೆ ದಾರಿ. ಎರಡೂ ಬೋರ್ಡಿಗೆ ಫೇಸು ನ್ಯೂಟ್ರಲ್ಲು ತರಿಸಿ, ಬಲ್ಬಿನ ವೈರನ್ನ ಒಂದೇ ಪ್ಯಾನಲಿಗೆ ಕೊಡಿ, ಇನ್ನೊಂದು ಪ್ಯಾನಲಿನ ಔಟ್‌ಪುಟ್ ಖಾಲಿ ಬಿಟ್ಟು ತುದೀನ ಸರಿಯಾಗಿ ಮುಚ್ಚಿ. ಟುಯಾ ಕಂಪನಿಯ ಸಿಸ್ಟಮ್ ಮೇಲೆ ನಡೆಯೋ ಪ್ಯಾನಲ್ ಆದ್ರೆ ಸ್ಮಾರ್ಟ್ ಲೈಫ್ ಆಪಲ್ಲಿ ಆ ಡಿವೈಸಿನ ಸೆಟ್ಟಿಂಗೊಳಗೆ ಮಲ್ಟಿ ಕಂಟ್ರೋಲ್ ಅಂತ ಇದೆಯಾ ನೋಡಿ, ಅಲ್ಲಿ ಎರಡೂ ಬಟನ್ ಸೇರಿಸಿದ್ರೆ ಆಯ್ತು. ವೈಫೈ ಬದಲು ಜಿಗ್‌ಬೀ ಅನ್ನೋ ವೈರ್‌ಲೆಸ್ ಇರೋ ಪ್ಯಾನಲ್ ಆದ್ರೆ ಬೈಂಡಿಂಗ್ ಅಂತ ಇದೆ, ಎರಡೂ ಡಿವೈಸು ಅದನ್ನ ಸಪೋರ್ಟ್ ಮಾಡಿದ್ರೆ ಒಂದು ಇನ್ನೊಂದಕ್ಕೆ ನೇರವಾಗಿ ಹೇಳುತ್ತೆ, ಇಂಟರ್ನೆಟ್ಟೇ ಬೇಡ, ನನಗೆ ಇದೇ ಇಷ್ಟ. ಇದು ಆನ್ ಆದ್ರೆ ಅದು ಆನ್, ಅದು ಆನ್ ಆದ್ರೆ ಇದು ಆನ್ ಅಂತ ಎರಡು ಕಡೆಯಿಂದ್ಲೂ ಆಟೊಮೇಷನ್ ಬರೆಯೋರಿದ್ದಾರೆ. ನೆಟ್ ನಿಧಾನ ಇದ್ದಾಗ ಯಾರಾದ್ರೂ ಬೇಗ ಬೇಗ ಎರಡು ಸಲ ಒತ್ತಿದ್ರೆ ತಡವಾಗಿ ಬಂದ ಆನ್ ಮತ್ತು ಆಫ್ ಒಂದನ್ನೊಂದು ಅಟ್ಟಿಸಿಕೊಂಡು ಹೋಗಿ ಲೈಟು ತನ್ನಷ್ಟಕ್ಕೆ ಹತ್ತಿ ಆರ್ತಾ ಇರುತ್ತೆ. ಆಟೊಮೇಷನ್ನೇ ಗತಿ ಅಂದ್ರೆ ಎರಡನೇ ಪ್ಯಾನಲ್ ಒತ್ತಿದ್ರೆ ಮೊದಲನೆಯದು ಟಾಗಲ್ ಆಗ್ಲಿ (ಆನ್ ಇದ್ರೆ ಆಫ್, ಆಫ್ ಇದ್ರೆ ಆನ್) ಅಂತ ಒಂದೇ ದಿಕ್ಕಲ್ಲಿ ಬರೀರಿ.

ವೈಫೈ ಬಗ್ಗೆ ಇಷ್ಟೇ, ಇವು ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಸೇರ್ತವೆ, ಕಬ್ಬಿಣದ ಬಾಕ್ಸ್ ಒಳಗೆ ಸಿಗ್ನಲ್ ಕಮ್ಮಿ ಆಗುತ್ತೆ, ಹಾಗಾಗಿ ಪ್ಲೇಟ್ ಮುಚ್ಚಿ ಸ್ಕ್ರೂ ಬಿಗಿ ಮಾಡಿದ್ಮೇಲೆ ಇನ್ನೊಂದು ಸಲ ಆಪಿಂದ ಹಾಕಿ ತೆಗೆದು ನೋಡಿ.

ಕರೆಂಟ್ ಹೋಗಿ ಬಂದಾಗ ಲೈಟ್ ಏನಾಗ್ಬೇಕು ಅನ್ನೋದನ್ನೂ ಇವತ್ತೇ ಸೆಟ್ ಮಾಡಿ, ಯುಪಿಎಸ್ ಇಲ್ದಿರೋ ಮನೇಲಿ ಮೊದಲಿನ ಸ್ಥಿತಿಗೆ ಬರ್ಲಿ ಅಂತ ಇಟ್ರೆ ಒಳ್ಳೇದು, ಇಲ್ದಿದ್ರೆ ರಾತ್ರಿ 2 ಗಂಟೆಗೆ ಕರೆಂಟ್ ಬಂದಾಗ ಸುಮ್ನೆ ಲೈಟ್ ಹತ್ಕೊಂಡು ಬೆಳಗಿನವರೆಗೂ ಉರಿಯಬಹುದು. ಕೊನೆಗೆ ರೂಟರ್ ಆಫ್ ಮಾಡಿ ಒಬ್ಬರು ಕೆಳಗೆ ಒಬ್ಬರು ಮೇಲೆ ನಿಂತು ಎರಡೂ ಸ್ವಿಚ್ಚನ್ನ ಒಂದಾದ ಮೇಲೊಂದು ಒತ್ತಿ ನೋಡಿ, ನೆಟ್ ಇಲ್ದೇನೇ ಪ್ರತಿ ಸಲ ಲೈಟು ಬದಲಾದ್ರೆ ಕೆಲಸ ಸರಿಯಾಗಿದೆ ಅಂತ ಲೆಕ್ಕ.