ಡೈಲಾಗ್ ಕೊನೆಗೆ ಬರಲಿ: ಸಿನಿಮಾದ ಒಂದು ದೃಶ್ಯ ಬರೆಯುವ ಕ್ರಮ

ಹೊಸಬರ ಸ್ಕ್ರಿಪ್ಟ್‌ಗಳಲ್ಲಿ ಹೆಚ್ಚಿನವು ಎಡವುವುದು ಒಂದೇ ಕಡೆ. ಸೀನ್ ನಂಬರ್ ಹಾಕಿದ ಕೂಡಲೇ ಡೈಲಾಗ್ ಶುರುವಾಗಿಬಿಡುತ್ತದೆ. ಇಬ್ಬರು ಬಂದು ಕೂರುತ್ತಾರೆ, ಕಾಫಿ ಬರುತ್ತದೆ, ನಡೆದದ್ದು ನಡೆಯಬೇಕಾದದ್ದು ಎಲ್ಲವನ್ನೂ ಬಾಯಲ್ಲೇ ಹೇಳಿ ಎದ್ದು ಹೋಗುತ್ತಾರೆ. ಡೈಲಾಗ್ ಬರೆಯುವುದಕ್ಕೆ ಮೊದಲು ಮಾಡಿಕೊಳ್ಳಬೇಕಾದ ಕೆಲಸ ಬೇರೆಯೇ ಇದೆ.

1. ಯಾರಿಗೆ ಏನು ಬೇಕು, ಒಂದೇ ವಾಕ್ಯದಲ್ಲಿ. ಉದಾಹರಣೆಗೆ: ‘ತಮ್ಮನಿಗೆ ಆಸ್ತಿ ಪತ್ರಕ್ಕೆ ಅಕ್ಕನ ಸಹಿ ಬೇಕು, ಅಕ್ಕನಿಗೆ ಸಹಿ ಹಾಕಲು ಮನಸ್ಸಿಲ್ಲ, ತವರು ಕಳೆದುಕೊಳ್ಳಲೂ ಮನಸ್ಸಿಲ್ಲ.’ ಇಷ್ಟು ಬರೆಯಲು ಆಗದಿದ್ದರೆ ಆ ಸೀನನ್ನು ಒನ್ ಲೈನ್ ಆರ್ಡರ್‌ನಲ್ಲೇ (ಸೀನಿಗೊಂದು ಸಾಲಿನಂತೆ ಬರೆದ ಪಟ್ಟಿಯಲ್ಲೇ) ಹೊಡೆದುಹಾಕಿ.

2. ಗಡುವು ಕೊಡಿ. ತಮ್ಮ ನಾಲ್ಕೂವರೆ ಬಸ್ಸಿಗೆ ಹೊರಡಬೇಕು. ಅಷ್ಟು ಸಾಕು.

3. ನೋಡುವವರಿಗೆ ಮೊದಲೇ ಏನು ಗೊತ್ತಿರಬೇಕು ಎಂದು ತೀರ್ಮಾನಿಸಿ. ಇದನ್ನು ಕಲಿಯಲು ಮಾರಿಯೊ ಪುಜೊ ಮತ್ತು ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಬರೆದ ‘ದಿ ಗಾಡ್‌ಫಾದರ್’ (1972) ಚಿತ್ರದ ಹೋಟೆಲ್ ದೃಶ್ಯವನ್ನು ಮತ್ತೆ ಮತ್ತೆ ನೋಡಿ. ಮಾಫಿಯಾ ಕುಟುಂಬದ ಕಿರಿಯ ಮಗ ಮೈಕಲ್ ಇಬ್ಬರನ್ನು ಕೊಲ್ಲಲು ಬಂದಿದ್ದಾನೆ, ಪಿಸ್ತೂಲು ಟಾಯ್ಲೆಟ್ ಟ್ಯಾಂಕಿನ ಹಿಂದೆ ಇದೆ ಎನ್ನುವುದು ನಮಗೆ ಮೊದಲೇ ಗೊತ್ತು. ಹಾಗಾಗಿ ಮೇಜಿನ ಮೇಲೆ ನಡೆಯುವ ಮಾತು ಸಂಧಾನದ್ದಾದರೂ ನಮ್ಮ ಎದೆ ಹೊಡೆದುಕೊಳ್ಳುವುದು ಟಾಯ್ಲೆಟ್ ಕಡೆಗೆ. ಅಲ್ಲಿನ ಇಟಾಲಿಯನ್ ಮಾತಿಗೆ ಸಬ್‌ಟೈಟಲ್ಲೇ ಇಲ್ಲ. ಆದರೂ ಏನೂ ಕಳೆದುಕೊಂಡ ಹಾಗಾಗುವುದಿಲ್ಲ. ಟ್ಯಾಂಕಿನ ಹಿಂದೆ ಕೈ ಹಾಕಿ ತಡಕಾಡಿದಾಗ ಪಿಸ್ತೂಲು ತಟ್ಟನೆ ಸಿಗುವುದಿಲ್ಲ. ಹೊರಗೆ ಬಂದವನು ಗುಂಡು ಹಾರಿಸದೆ ಮತ್ತೆ ಕುರ್ಚಿಯಲ್ಲಿ ಕೂರುತ್ತಾನೆ. ಕಾಣದ ರೈಲಿನ ಕರ್ಕಶ ಸದ್ದು ಏರುತ್ತಾ ಹೋಗುತ್ತದೆ. ಗುಂಡು ಹಾರಿಸಿದ ಮೇಲೂ, ಪಿಸ್ತೂಲು ಕೆಳಗೆ ಬಿಡು ಎಂದು ಹೇಳಿಕೊಟ್ಟಿದ್ದರೂ, ಕೈ ಸಡಿಲಿಸುವುದು ತಡವಾಗಿ. ಯೋಜನೆಯನ್ನು ಮೊದಲೇ ತಿಳಿಸಿದ್ದರಿಂದಲೇ ಅದರಿಂದ ಒಂದೊಂದು ಹೆಜ್ಜೆ ಜಾರಿದಾಗಲೂ ನಾವು ಬೆವರುತ್ತೇವೆ. ಇದೇ ದೃಶ್ಯದಲ್ಲಿ ಪಿಸ್ತೂಲಿನ ಸಂಗತಿ ಮುಚ್ಚಿಟ್ಟಿದ್ದರೆ ಸಿಗುತ್ತಿದ್ದದ್ದು ಒಂದು ಕ್ಷಣದ ಬೆಚ್ಚುವಿಕೆ, ಅಷ್ಟೇ. ‘ಟ್ವಿಸ್ಟ್’ ಹುಚ್ಚು ಹಿಡಿದವರು ಇದನ್ನು ಗಮನಿಸಬೇಕು.

ನಮ್ಮಲ್ಲೇ ಬೇಕೆಂದರೆ ಅದೇ 1972ರ, ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ ಇದೆ. ಕೋಟೆಯ ಮೇಲೆ ರಾಮಾಚಾರಿ ಚಾಮಯ್ಯ ಮೇಷ್ಟ್ರನ್ನು ತಳ್ಳುವ ಹೊತ್ತಿಗೆ ಮೇಷ್ಟ್ರ ಮಾತು ಕೇಳಿ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಟ್ಟದ್ದೂ, ಆಮೇಲೆ ಆಕೆಯ ಗತಿ ಏನಾಯಿತೆಂಬುದೂ ನಮ್ಮ ಕಣ್ಣಮುಂದೆಯೇ ನಡೆದುಹೋಗಿರುತ್ತದೆ. ಆಮೇಲೆ ಪ್ರೀತಿಸಿದ ಮಾರ್ಗರೆಟ್‌ಳನ್ನೂ ಬಿಡು ಎಂದು ಮೇಷ್ಟ್ರು ಹೇಳಿದಾಗ ಹಳೆಯ ಗಾಯವನ್ನು ಯಾರೂ ವಿವರಿಸಬೇಕಾಗಿಲ್ಲ. ಕ್ಲೈಮ್ಯಾಕ್ಸ್ ಸಪ್ಪೆ ಅನ್ನಿಸಿದರೆ ಅದರ ಮಾತು ತಿದ್ದುತ್ತಾ ಕೂರಬೇಡಿ. ಇಂಟರ್ವಲ್‌ಗೆ ಮೊದಲಿನ ಪುಟಗಳನ್ನು ತೆರೆಯಿರಿ. ರಿಪೇರಿ ಬೇಕಾದದ್ದು ಹೆಚ್ಚಾಗಿ ಅಲ್ಲೇ.

ಇಷ್ಟನೇ ಪುಟಕ್ಕೆ ಇಂಥದ್ದೇ ತಿರುವು ಬರಬೇಕೆಂದು ಹೇಳುವ ರೆಡಿಮೇಡ್ ಟೆಂಪ್ಲೇಟ್‌ಗಳಿಗೆ ದುಡ್ಡು ಸುರಿಯಬೇಡಿ. ಮುಗಿಸಿದ ಸ್ಕ್ರಿಪ್ಟನ್ನು ಪರೀಕ್ಷಿಸಲು ಅವು ಸ್ವಲ್ಪ ಆಗಿಬಂದಾವು, ಬರೆಯುವಾಗ ಕೈ ಕಟ್ಟಿಹಾಕುತ್ತವೆ.

4. ಈಗ ಡೈಲಾಗ್. ಮೊದಲು ಪಾತ್ರದ ಕೈಗೆ ಒಂದು ಕೆಲಸ, ಒಂದು ವಸ್ತು ಕೊಡಿ. ನಮ್ಮ ತಮ್ಮ ತೋಟದಿಂದ ಒಂದು ಚೀಲ ತೆಂಗಿನಕಾಯಿ ತಂದಿದ್ದಾನೆ. ಪತ್ರ ಇನ್ನೂ ಬ್ಯಾಗಿನಲ್ಲಿದೆ. ಸಾಮಾನ್ಯವಾಗಿ ಬರೆಯುವುದು ಹೀಗೆ:

‘ಅಕ್ಕಾ, ಅಪ್ಪ ತೀರಿಹೋಗಿ ಆರು ತಿಂಗಳಾಯ್ತು. ನಿನಗೇ ಗೊತ್ತಲ್ಲ, ನನಗೆ ಎಷ್ಟು ಸಾಲ ಇದೆ ಅಂತ. ಸಹಿ ಹಾಕು.’
‘ಇಲ್ಲ ಕಣೋ, ಆ ತೋಟದಲ್ಲಿ ನನಗೂ ಹಕ್ಕಿದೆ.’

‘ನಿನಗೇ ಗೊತ್ತಲ್ಲ’ ಎಂಬ ಮಾತು ಸ್ಕ್ರಿಪ್ಟಿನಲ್ಲಿ ಎಲ್ಲಿ ಬಂದರೂ ಕೆಂಪು ಗೆರೆ ಎಳೆಯಿರಿ. ಇಬ್ಬರಿಗೂ ಗೊತ್ತಿರುವುದನ್ನು ಒಬ್ಬರು ಹೇಳುತ್ತಿದ್ದಾರೆಂದರೆ ಅದು ಥಿಯೇಟರಿನಲ್ಲಿ ಕೂತವರಿಗಾಗಿ ಹೇಳಿದ್ದು. ಅದೇ ಸೀನು ಹೀಗಾಗಬಹುದು:

‘ಊಟ ಮಾಡ್ಕೊಂಡೇ ಹೋಗು.’
‘ಇಲ್ಲಕ್ಕ, ನಾಲ್ಕೂವರೆ ಬಸ್ಸು.’
(ಅಕ್ಕ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ.)
‘ಬಾವಿ ಪಕ್ಕದ ಮರದ್ದಾ?’
‘ಹ್ಞೂಂ.’
‘ಆ ಮರಕ್ಕೆ ನೀರು ಹೊತ್ತೂ ಹೊತ್ತೂ ಕೈಯೆಲ್ಲ ಬೊಬ್ಬೆ ಬಂದಿತ್ತು ನಂಗೆ.’
(ತಮ್ಮ ಬ್ಯಾಗಿನ ಜಿಪ್ ಎಳೆಯುತ್ತಾನೆ. ಪತ್ರ ಹೊರಗೆ ಬರುತ್ತದೆ.)
‘ತಡಿ, ಕನ್ನಡಕ ಎಲ್ಲಿಟ್ಟೆ ನೋಡ್ತೀನಿ.’
(ಕನ್ನಡಕ ಅವಳ ತಲೆಯ ಮೇಲೇ ಇದೆ. ತಮ್ಮ ಅದನ್ನು ನೋಡುತ್ತಾನೆ, ಹೇಳುವುದಿಲ್ಲ.)

ಹಕ್ಕು, ಸಾಲ, ಸಹಿ ಯಾವ ಪದವೂ ಇಲ್ಲ, ಆದರೆ ಕೇಳಿದ್ದೂ ಆಯಿತು, ಒಲ್ಲೆನೆಂದದ್ದೂ ಆಯಿತು. ತಮ್ಮ ಸುಮ್ಮನಿದ್ದದ್ದರಿಂದ ಅವನು ಕೆಟ್ಟವನಲ್ಲ ಎಂಬುದೂ ತಿಳಿಯಿತು. ಬರೆಯುವ ಉಪಾಯ ಇದು: ಪಾತ್ರ ಹೇಳಲೇಬೇಕೆಂದಿರುವ ಮಾತನ್ನು ಬೇರೆ ಹಾಳೆಯಲ್ಲಿ ನೇರವಾಗಿ ಬರೆದಿಡಿ, ಸೀನಿನಲ್ಲಿ ಆ ವಾಕ್ಯವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಆಡಿಸಿ. ಹಾಗೆಂದು ಇಡೀ ಸಿನಿಮಾವನ್ನು ಹೀಗೆ ಬರೆಯಬಾರದು. ಒಮ್ಮೆಯಾದರೂ ಯಾರಾದರೂ ತಡೆಯಲಾರದೆ ನೇರವಾಗಿ ಹೇಳಿಬಿಡಬೇಕು, ಆ ಜಾಗವನ್ನು ಕಾದಿಟ್ಟುಕೊಳ್ಳಿ.

ಡೈಲಾಗನ್ನು ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ತಿರುಗಿಸುವ ಚಾಳಿ ಬಿಡಲೇಬೇಕು. ‘ನೀನು ಚೆನ್ನಾಗಿದ್ದೀಯ ತಾನೆ?’ ಎಂದು ಪೆಟ್ಟು ತಿಂದವನನ್ನು ನಮ್ಮವರು ಯಾರೂ ಕೇಳುವುದಿಲ್ಲ, ‘ಏನಾಯ್ತೋ?’ ಎನ್ನುತ್ತಾರೆ. ಪಾತ್ರ ಮಂಡ್ಯದ್ದೋ ಧಾರವಾಡದ್ದೋ ಕುಂದಾಪುರದ್ದೋ ಎಂಬುದನ್ನು ಮೊದಲೇ ನಿರ್ಧರಿಸಿ, ಆ ಊರಿನವರಿಂದ ಓದಿಸಿ. ಸುಮ್ಮನೆ ‘ಹಳ್ಳಿ ಭಾಷೆ’ ಅಂತ ಒಂದು ಇಲ್ಲ.

5. ಕತ್ತರಿ. ಸೀನಿನ ಮೊದಲ ಮೂರು ಸಾಲು, ಕೊನೆಯ ಎರಡು ಸಾಲು ಮುಚ್ಚಿಕೊಂಡು ಓದಿ. ಬಾಗಿಲು ತಟ್ಟುವುದು, ‘ಬಾ, ಕೂತ್ಕೋ’, ‘ಸರಿ, ಬರ್ತೀನಿ’ ಇವೆಲ್ಲ ಹೋದರೂ ಅರ್ಥ ಕೆಡದಿದ್ದರೆ ತೆಗೆದೇಬಿಡಿ. ನಮ್ಮ ಸೀನು ಕನ್ನಡಕದ ಹತ್ತಿರ ನಿಲ್ಲಲಿ. ಸಹಿ ಬಿತ್ತೋ ಇಲ್ಲವೋ ಮುಂದಿನ ಸೀನು ಹೇಳುತ್ತದೆ.

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಇಂಗ್ಲಿಷಿನಲ್ಲಿ ಕೊರಿಯರ್ ಎಂಬ ಫಾಂಟ್‌ನ 12 ಪಾಯಿಂಟ್ ಅಕ್ಷರದಲ್ಲಿ ಬರೆದ ಸ್ಕ್ರಿಪ್ಟಿಗೆ ಹೊಂದುವಂಥದ್ದು, ಅದೂ ಅಂದಾಜು. ಕನ್ನಡ ಲಿಪಿಗೆ ಅದನ್ನು ನಂಬಬೇಡಿ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟು, ಮೌನವನ್ನೂ ಕ್ರಿಯೆಯನ್ನೂ ಸೇರಿಸಿ ಗಟ್ಟಿಯಾಗಿ ಓದಿ. ಇಂಥ ಸೀನು ಮೂರು ನಿಮಿಷ ದಾಟಿದರೆ ಮತ್ತೆ ಕತ್ತರಿ ಹಿಡಿಯಿರಿ, ಮೊದಲು ಮಾತಿಗೆ, ಆಮೇಲೆ ಕ್ರಿಯೆಗೆ.