ಇಪ್ಪತ್ತು ಮೀಟರ್ ವೈರು, ಒಂದು ಕಾಲಿಂಗ್ ಬೆಲ್ ಸ್ವಿಚ್ಚು

ಹೋದ ತಿಂಗಳು ನಮ್ಮ ಫೋಟೋ ಗೆಳೆಯರಿಗೆ ಆರೆಂಜ್ ಹೆಡೆಡ್ ಥ್ರಷ್ ಅನ್ನೋ ಹಕ್ಕಿ ಸ್ನಾನ ಮಾಡೋ ಒಂದು ಫೋಟೋ ಕಳಿಸಿದ್ದೆ. ಹಕ್ಕಿ ಫ್ರೇಮ್ ತುಂಬ, ಹಿಂದೆ ಇಡೀ ಅಡಿಕೆ ತೋಟ ಕಾಣುತ್ತೆ. "ಯಾವ ಲೆನ್ಸು, 600 ಎಂಎಂದು ಬಾಡಿಗೆಗೆ ತಂದ್ಯಾ" ಅಂದ್ರು. ಕ್ಯಾಮೆರಾ ಜೊತೆಗೇ ಬರೋ ಕಿಟ್ ಲೆನ್ಸು ಮಾರಾಯ್ರೇ, 18-55 ಎಂಎಂ, ಕ್ಯಾನನ್ 1300ಡಿ, ಕ್ಯಾಮೆರಾ ಹಕ್ಕಿ ಸ್ನಾನಕ್ಕೆ ಬರೋ ಕಲ್ಲು ಮರಿಗೆಯಿಂದ ಎರಡೇ ಅಡಿ ದೂರ, ಸ್ವಿಚ್ಚು ಅಡುಗೆಮನೆ ಕಿಟಕಿಲಿ. ಕ್ಯಾಮೆರಾದಿಂದ ಮನೆವರೆಗೂ ವೈರ್ ಎಳೆದು ಒಳಗಿಂದಲೇ ಕ್ಲಿಕ್ ಮಾಡ್ತೀನಿ ಅಂದಾಗ, ಎರಡು ವರ್ಷದ ಹಿಂದೆ ಇದೇ ಜನ "ವೈರಾ? ಈ ಕಾಲದಲ್ಲಾ?" ಅಂತ ನಕ್ಕಿದ್ರು, ಅದಕ್ಕೇ ಬರೀತಾ ಇದೀನಿ.

ಮೊದಲು ದುಡ್ಡು ಹಾಳು ಮಾಡಿಕೊಂಡಿದ್ದು ಹೇಳ್ತೀನಿ. ಶುರುಲಿ ಇನ್ನೂರೈವತ್ತೋ ಮುನ್ನೂರೋ ಕೊಟ್ಟು ಇನ್‌ಫ್ರಾರೆಡ್ ರಿಮೋಟ್ ತರಿಸಿದೆ. ಬಂದ ಮೇಲೆ ಗೊತ್ತಾಯ್ತು, 1300ಡಿಲಿ ಅದರ ರಿಸೀವರೇ ಇಲ್ಲ! ಮ್ಯಾನ್ಯುಯಲ್ ಓದಿದ್ರೆ ಮೊದಲೇ ತಿಳೀತಿತ್ತು, ಆದ್ರೆ ನಾವ್ಯಾರು ಓದ್ತೀವಿ. ಹಾಳಾಗ್ಲಿ ಅಂತ ಭಾವನ 700ಡಿ ಕೇಳಿ ತಂದೆ, ಅದಕ್ಕೆ ರಿಸೀವರ್ ಇದೆ, ಆದ್ರೆ ಮುಂದ್ಗಡೆ ಇದೆ. ನಾನಿರೋದು ಕ್ಯಾಮೆರಾ ಹಿಂದೆ ಮನೆಲಿ. ಮುಂದೆ ಹೋಗಿ ಒತ್ತಿದ್ರೆ ನೆರಳಲ್ಲಿ ನಾಲ್ಕೈದು ಮೀಟರ್ ಕೆಲಸ ಮಾಡ್ತು, ಬಿಸಿಲು ಬಿದ್ದ ತಕ್ಷಣ ಅದೂ ಇಲ್ಲ.

ಆಮೇಲೆ ವೈಫೈ. ಫೋನಲ್ಲಿ ಫ್ರೇಮ್ ಕಾಣುತ್ತೆ ಅನ್ನೋದು ಬಿಟ್ರೆ ಹಕ್ಕಿಗೆ ಇದು ಆಗೋ ಮಾತಲ್ಲ. ಒತ್ತಿ ಒಂದು ಸೆಕೆಂಡ್ ಆದ್ಮೇಲೆ ಕ್ಲಿಕ್ ಆಗುತ್ತೆ, ಅಷ್ಟೊತ್ತಿಗೆ ಹಕ್ಕಿ ಪಕ್ಕದ ತೋಟದಲ್ಲಿರುತ್ತೆ. ಲೈವ್ ವ್ಯೂ, ಅಂದ್ರೆ ಫ್ರೇಮನ್ನ ಒಂದೇ ಸಮ ತೋರಿಸ್ತಾ ಇರೋದು, ಬೇರೆ ಆನ್ ಇರಬೇಕಲ್ಲ, ಬ್ಯಾಟರಿ ಒಂದು ಒಂದೂವರೆ ಗಂಟೆಗೆ ಮಲಗಿತು, ಅದು ಮೊದಲೇ 860 ಎಂಎಎಚ್‌ನ ಸಣ್ಣ ಬ್ಯಾಟರಿ.

ಮೂರನೇದು ರೇಡಿಯೋ ಟ್ರಿಗರ್, ಸಾವಿರದ ನಾನೂರು ಚಿಲ್ಲರೆ. ಮಾರಿದವನು ನನ್ನ ಮಾಡೆಲ್ ಕೇಳಿಯೂ ದೊಡ್ಡ ಕ್ಯಾಮೆರಾಗಳ ಮೂರು ಪಿನ್ನಿನ ಎನ್3 ಕೇಬಲ್ ಕಳಿಸಿದ, ನನಗೆ ಬೇಕಿದ್ದಿದ್ದು ಇ3, ಅಂದ್ರೆ 2.5 ಎಂಎಂ ಜ್ಯಾಕು. ವಾಪಸ್ ಕಳಿಸಿ ಬದಲಾಯಿಸಿಕೊಳ್ಳೋಕೆ ಮೂರು ವಾರ. ಅಂಗಳದಲ್ಲಿ ಸೂಪರ್, ಮೂವತ್ತು ಮೀಟರ್ ಆರಾಮಾಗಿ ಹೋಗ್ತಿತ್ತು. ತೋಟದಲ್ಲಿ ಮಳೆ ಬಂದು ಎಲೆ ಎಲ್ಲಾ ಒದ್ದೆ ಆದ ದಿನ ಐದು ಸಲ ಒತ್ತಿದ್ರೆ ಮೂರೇ ಸಲ ಕ್ಲಿಕ್ ಬೀಳೋದು. ರಿಸೀವರ್ ಆಫ್ ಮಾಡೋದು ಮರೆತ್ರೆ ಮಾರನೇ ದಿನ ಸೆಲ್ ಖಾಲಿ, ಮತ್ತೆ ಮರಿಗೆ ಹತ್ರ ಹೋಗ್ಬೇಕು, ಒಂದು ಸಲ ಹೋದ್ರೆ ಮುಂದಿನ ಒಂದು ಗಂಟೆ ಯಾವ ಹಕ್ಕಿನೂ ಬರಲ್ಲ. ಮದುವೆ ಫೋಟೋ ತೆಗೆಯೋರಿಗೆ ಅದು ಸರಿ ಇರಬಹುದು, ದಿನಗಟ್ಟಲೆ ಕಾಯೋ ನಮಗಲ್ಲ.

ಇಷ್ಟೆಲ್ಲಾ ಆದ್ಮೇಲೆ ತಲೆಗೆ ಬಂದಿದ್ದು, ಕಂಪನಿಯ ವೈರ್ ರಿಮೋಟ್ ಆರ್‌ಎಸ್ 60ಇ3 ಒಳಗೆ ಇರೋದಾದ್ರೂ ಏನು? ಎರಡು ಸ್ವಿಚ್ಚು, ಅಷ್ಟೇ. ಜ್ಯಾಕಿನ ತುದಿ ಶಟರ್, ನಡುವಿನ ರಿಂಗು ಫೋಕಸ್, ಬುಡ ಕಾಮನ್. ಬುಡಕ್ಕೆ ತುದಿ ತಾಗಿಸಿದ್ರೆ ಕ್ಲಿಕ್. "ಅಷ್ಟುದ್ದ ವೈರ್ ಎಳೆದ್ರೆ ವೋಲ್ಟೇಜ್ ಡ್ರಾಪ್ ಆಗುತ್ತೆ, ಬೋರ್ಡ್ ಸುಡುತ್ತೆ" ಅಂತ ಹೆದರಿಸಿದವರೆಲ್ಲ ಮೀಟರ್ ಹಿಡಿದು ನೋಡಿದವರಲ್ಲ. ಇಪ್ಪತ್ತು ಮೀಟರ್ ಹೋಗಿ ಬಂದು ನನಗೆ ಸಿಕ್ಕಿದ್ದು ಮೂರ್ನಾಲ್ಕು ಓಮ್. ಬಲ್ಬು ಉರಿಸೋಕೆ ಹೊರಟಿದೀವಾ? ಬರೀ ಕಾಂಟ್ಯಾಕ್ಟ್ ಕೊಡೋದು.

ಬೆಂಗಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಲ್ಲಿ ಜ್ಯಾಕ್ ತಂದೆ, ಅಲ್ಲೂ ಎಡವಿದೆ, ಮೊದಲನೇ ಸಲ ಅಂಗಡಿಯವನು ಒಂದೇ ಬ್ಲ್ಯಾಕ್ ರಿಂಗಿನ ಮೊನೋ ಜ್ಯಾಕ್ ಕೊಟ್ಟುಬಿಟ್ಟಿದ್ದ, ನೋಡದೇ ತಂದೆ. ಬ್ಲ್ಯಾಕ್ ರಿಂಗ್ ಎರಡಿರಬೇಕು, ಎಣಿಸಿಕೊಂಡು ತನ್ನಿ, ಒಂದಲ್ಲ ನಾಲ್ಕು ತನ್ನಿ, ನಾನು ತಂದಾಗ ಇಪ್ಪತ್ತು ಇಪ್ಪತ್ತೈದು ರೂಪಾಯಿ ಇತ್ತು ಒಂದಕ್ಕೆ. ವೈರಿಗೆ ಮೊದಲು ಇಂಟರ್ನೆಟ್‌ನವರು ಬಿಟ್ಟು ಹೋದ ಲ್ಯಾನ್ ಕೇಬಲ್ ಹಾಕಿದೆ, ಅದರದ್ದು ಗಟ್ಟಿ ತಂತಿ, ಜ್ಯಾಕ್ ಹತ್ರ ನಾಲ್ಕು ಸಲ ಬಗ್ಗಿಸಿದ್ರೆ ಮುರಿಯುತ್ತೆ. ಎರಡು ಸಲ ಬೆಸುಗೆ ಹಾಕಿ ಸಾಕಾಗಿ ಮೈಕ್ ಕೇಬಲ್ ತಂದೆ, ಒಳಗೆ ಎರಡು ಎಳೆ, ಸುತ್ತ ಜಾಲರಿ, ಜಾಲರಿನೇ ಕಾಮನ್. ಆಗ ಮೀಟರಿಗೆ ಇಪ್ಪತ್ತು ರೂಪಾಯಿ ಇದ್ದಿರಬೇಕು. ಮನೆ ಕಡೆ ಫೋಕಸ್ ಎಳೆಗೆ ಒಂದು ಸಣ್ಣ ಸ್ವಿಚ್ಚು, ಶಟರಿಗೆ ಕಾಲಿಂಗ್ ಬೆಲ್ ಬಟನ್. ಎಲ್ಲಾ ಸೇರಿ ಐನೂರರ ಆಸುಪಾಸು. ನಿಕಾನ್, ಸೋನಿಯವರು ಪ್ಲಗ್ ಹುಡುಕಿಕೊಂಡು ಅಲೀಬೇಡಿ, ನಿಮ್ಮ ಕ್ಯಾಮೆರಾಗೆ ಹೊಂದೋ ಅಗ್ಗದ ವೈರ್ ರಿಮೋಟ್ ತಗೊಂಡು ಮಧ್ಯೆ ಕತ್ತರಿಸಿ ವೈರ್ ಸೇರಿಸಿ.

ಕೆಲಸ ಮಾಡ್ತು, ಒಂಬತ್ತು ದಿನ. ಹತ್ತನೇ ದಿನ ಹೆಗ್ಗಣ ಕಡಿದು ಹಾಕ್ತು. ಈಗ ವೈರು ಹಳೇ 16 ಎಂಎಂ ಡ್ರಿಪ್ ಪೈಪ್ ಒಳಗೆ ಹೋಗುತ್ತೆ, ತೋಟದವರ ಮನೆಲಿ ಅದಕ್ಕೇನು ಬರಗಾಲ.

ಇನ್ನೊಂದು ಹೊಡೆತ ಮರೆಯಲ್ಲ. ಡಿಸೆಂಬರ್ ಮುಂಜಾವಿನ ಇಬ್ಬನಿ ಜ್ಯಾಕ್ ಒಳಗೆ ಇಳಿದು ಶಾರ್ಟ್ ಆಯ್ತು, ನಾನು ಒಂದೇ ಸಮ ಫೋಟೋ ತೆಗೀತಾ ಹೋಗೋ ಕಂಟಿನ್ಯೂಯಸ್ ಮೋಡಲ್ಲಿ ಬಿಟ್ಟು ಹಾಲು ಕರೆಯೋಕೆ ಹೋಗಿದ್ದೆ, ಬರೋ ಹೊತ್ತಿಗೆ ಖಾಲಿ ಮರಿಗೆಯ ಎರಡು ಸಾವಿರ ಫೋಟೋ! ಶಟರ್ ಆಯುಸ್ಸಲ್ಲಿ ಅಷ್ಟು ಹೋಯ್ತಲ್ಲ ಅಂತ ಹೊಟ್ಟೆ ಉರೀತು. ಆವತ್ತಿಂದ ಸಿಂಗಲ್ ಶಾಟ್ ಮಾತ್ರ. ಜ್ಯಾಕಿಗೆ ನೀರು ಹೋಗದ ಹಾಗೆ ಏನು ಹಚ್ತೀನಿ ಅನ್ನೋದು ಸದ್ಯ ನನ್ನ ಹತ್ರಾನೇ ಇರಲಿ, ಅಡುಗೆಮನೇಲೇ ಸಿಗುತ್ತೆ ಅಷ್ಟು ಹೇಳ್ತೀನಿ. ಗುಡುಗು ಶುರು ಆದ್ರೆ ಮಾತ್ರ ಓಡಿ ಹೋಗಿ ಪ್ಲಗ್ ಕೀಳಬೇಕು, ನಮ್ಮ ಶಿವಮೊಗ್ಗ ಜಿಲ್ಲೆ ಸಾಗರ ಕಡೆ ಏಪ್ರಿಲ್ ಮೇ ಸಿಡಿಲು ಗೊತ್ತಲ್ಲ, ಲ್ಯಾಂಡ್‌ಲೈನ್ ಕಾಲದಲ್ಲಿ ಒಂದು ಮೋಡೆಮ್ ಸುಟ್ಟುಕೊಂಡ ಮನೆ ನಮ್ಮದು.

ಕ್ಯಾಮೆರಾ ಶಬ್ದಕ್ಕೆ ಹಕ್ಕಿ ಹಾರಲ್ವಾ ಅಂತ ಎಲ್ಲರೂ ಕೇಳ್ತಾರೆ. ಹಾರುತ್ತೆ. 1300ಡಿಲಿ ಸೈಲೆಂಟ್ ಮೋಡ್ ಇಲ್ಲ. ಹಳೇ ಟವೆಲ್ ಸುತ್ತಿದೆ, ಅರ್ಧ ಕಮ್ಮಿ ಆಯ್ತು. ಕ್ಯಾಮೆರಾ ಇಡೋಕೆ ಎರಡು ವಾರ ಮೊದಲೇ ಅದೇ ಜಾಗದಲ್ಲಿ ಕಪ್ಪು ಬಣ್ಣ ಬಳಿದ ಎಣ್ಣೆ ಡಬ್ಬ ಇಟ್ಟೆ, ಪಿಕಳಾರಗಳು ಅದರ ಮೇಲೇ ಕೂರೋಕೆ ಶುರು ಮಾಡಿದ್ವು. ಉಳಿದ ಶಬ್ದಕ್ಕೆ ಇನ್ನೊಂದು ಉಪಾಯ ಇದೆ, ಮನೆಗೆ ಬಂದವರಿಗೆ ತೋರಿಸ್ತೀನಿ. ಫೋಕಸ್ ಮ್ಯಾನ್ಯುಯಲ್, ಮರಿಗೆ ಅಂಚಿಗೆ ಹೊಂದಿಸಿ ರಿಂಗಿಗೆ ಟೇಪ್. ತೋಟದ ನೆರಳಲ್ಲಿ 1/500 ಸೆಕೆಂಡ್ ಶಟರ್ ವೇಗಕ್ಕೆ ಐಎಸ್‌ಒ, ಅಂದ್ರೆ ಬೆಳಕಿನ ಸೂಕ್ಷ್ಮತೆ, 3200 ಬೇಕಾಗುತ್ತೆ, ಫೋಟೋಲಿ ಕಾಳು ಕಾಳು ನಾಯ್ಸ್ ಬರುತ್ತೆ, ಬರಲಿ.

ಮಧ್ಯೆ ಅದೇ ವೈರಲ್ಲಿ ನಕ್ಷತ್ರದ ಗೆರೆ ತೆಗೆಯೋ ಹುಚ್ಚೂ ಹಿಡೀತು. ಗದ್ದೆ ಬಯಲಲ್ಲಿ ಕ್ಯಾಮೆರಾ ಇಟ್ಟು ಒಂದೊಂದು ಫೋಟೋ 30 ಸೆಕೆಂಡ್, ಇದಕ್ಕೆ ಮಾತ್ರ ಕಂಟಿನ್ಯೂಯಸ್, ಬೆಲ್ ಬಟನ್ ಮೇಲೆ ಟೇಪ್ ಸುತ್ತಿ ಒತ್ತಿ ಬಿಟ್ಟೆ. ಮೊದಲ ರಾತ್ರಿ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಮಾಡೋದು ಮರೆತು, ಪ್ರತಿ ಫೋಟೋ ಆದ್ಮೇಲೆ ನಾಯ್ಸ್ ತೆಗೆಯೋಕೆ ಕ್ಯಾಮೆರಾ ಮತ್ತೆ ಅಷ್ಟೇ ಹೊತ್ತು ಕೂತು, ಗೆರೆ ಎಲ್ಲಾ ರಂಗೋಲಿ ಚುಕ್ಕಿ ಇಟ್ಟ ಹಾಗೆ ತುಂಡು ತುಂಡು. ಗೆರೆ ಎಲ್ಲಾ ಸುತ್ತೋದು ಧ್ರುವ ನಕ್ಷತ್ರದ ಸುತ್ತ, ನಮ್ಮಲ್ಲಿ ಅದು ಹದಿನಾಲ್ಕು ಡಿಗ್ರಿ ಎತ್ತರದಲ್ಲೇ ಇರೋದು, ಅಡಿಕೆ ಮರ ಅಡ್ಡ ಬಂತು ಅಂದ್ರೆ ಮುಗೀತು, ಅದಕ್ಕೇ ಬಯಲು. ಎರಡನೇ ಸಲ ಲೆನ್ಸಿಗೆ ಇಬ್ಬನಿ ಕೂತು ಹೋಯ್ತು, ಮೂರನೇ ಸಲ ಬಿಸಿ ಉಪ್ಪು ತುಂಬಿದ ಕಾಲುಚೀಲ ಲೆನ್ಸಿಗೆ ಸುತ್ತಿ ಒಂದು ಗಂಟೆ ತೆಗೆದೆ, ಹದಿನೈದು ಡಿಗ್ರಿ ಗೆರೆ ಚೆನ್ನಾಗಿ ಬಂತು, ಫೋಟೋಗಳನ್ನ ಸ್ಟಾರ್‌ಸ್ಟ್ಯಾಕ್ಸ್ ಅನ್ನೋ ಸಾಫ್ಟ್‌ವೇರಲ್ಲಿ ಸೇರಿಸಿದೆ. ಆದ್ರೆ ಅದರಲ್ಲಿ ಹಕ್ಕಿ ಮಜಾ ಇಲ್ಲ ಬಿಡಿ.

ನಕ್ಕವರಲ್ಲಿ ಇಬ್ಬರು ಈಗ ಅವರಿಗೂ ಒಂದು ವೈರ್ ಮಾಡಿಕೊಡು ಅಂತಿದಾರೆ, ಎಂಟುನೂರು ಅಂದಿದೀನಿ, ಡ್ರಿಪ್ ಪೈಪ್ ಅವರದ್ದೇ. ಅಂದ ಹಾಗೆ ಆ ಥ್ರಷ್ ಫೋಟೋದಲ್ಲಿ ಸ್ವಿಚ್ ಒತ್ತಿದ್ದು ನಾನಲ್ಲ, ಅಮ್ಮ. ನಾನು ಸಾಗರಕ್ಕೆ ಅಡಿಕೆ ತಗೊಂಡು ಹೋಗಿದ್ದೆ. ದೋಸೆ ಎರೆಯೋ ಮಧ್ಯೆ ಕಿಟಕಿಲಿ ಕೆಂಪಗೆ ಏನೋ ಕಾಣ್ತು, ಒತ್ತಿದೆ ಅಂದ್ಲು. ಹಿಂದಿನ ಮೂರು ದಿನ ನಾನು ಒತ್ತಿದ್ದರಲ್ಲಿ ಬಂದಿದ್ದು ಬರೀ ಬಾಲ.